ಮೂಲೆಯವರೆಗೆ ತಳ್ಳಿದ ಗಾಡಿ

ಚಳಿಗೆ ಮರಗಟ್ಟಿದ ಬೈಕನ್ನು ಎಬ್ಬಿಸುವುದರಲ್ಲಿ ಮೇಸ್ತ್ರಿಯನ್ನು ಮೀರಿಸುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಉಳಿದ ಕಾಲದಲ್ಲಿ ಅವನೂ ಎಲ್ಲರ ಹಾಗೆ ಒಬ್ಬ ಮೆಕ್ಯಾನಿಕ್ಕು. ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಚೈನು ಬಿಗಿ ಮಾಡುತ್ತ, ಪಂಕ್ಚರ್ ಹಾಕುತ್ತ ಕೂತಿರುವವನು. ಚಳಿಗಾಲ ಬಂತೆಂದರೆ ಮಾತ್ರ ಅವನಿಗೆ ಎಲ್ಲಿಲ್ಲದ ಬೇಡಿಕೆ. ಬೆಳಿಗ್ಗೆ ಆರು ಗಂಟೆಗೆಲ್ಲ ಯಾವುದಾದರೂ ಗೇಟಿನಿಂದ ‘ಮೇಸ್ತ್ರೀ’ ಎಂಬ ಕೂಗು ಬರುತ್ತಿತ್ತು. ಅವನು ತಲೆಗೊಂದು ಟೋಪಿ ಏರಿಸಿಕೊಂಡು ಬರುತ್ತಿದ್ದ. ಎಂಥ ಚಳಿಯಿದ್ದರೂ ಕಿವಿ ಮಾತ್ರ ಹೊರಗೇ. ‘ಕಿವಿ ಮುಚ್ಕೊಂಡ್ರೆ ಇಂಜಿನ್ನು ಏನು ಹೇಳುತ್ತೆ ಅಂತ ಗೊತ್ತಾಗೋದು ಹೇಗೆ?’ ಎನ್ನುತ್ತಿದ್ದ.

ಅವನಿಗೆ ಎಲ್ಲರಿಗಿಂತ ಹೆಚ್ಚು ಕೆಲಸ ಕೊಡುತ್ತಿದ್ದದ್ದು ಎದುರು ಮನೆಯ ನರ್ಸಿನ ಗಾಡಿ. ಅದು ಅವಳ ತಂದೆ ಬಿಟ್ಟುಹೋದ ಹಳೆಯ ಬೈಕು. ಬಟನ್ ಒತ್ತಿದರೆ ಹೊರಡುವ ಜಾತಿಯದಲ್ಲ, ಒದೆಯಲೇಬೇಕು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ಅವಳ ಕೆಲಸ. ದಿನದ ಮೊದಲ ಮನೆ ಒಬ್ಬ ನಿವೃತ್ತ ಮೇಷ್ಟರದು. ಅವಳು ಹೋಗಿ ಇನ್ಸುಲಿನ್ ಚುಚ್ಚುವವರೆಗೆ ಅವರು ತಿಂಡಿ ಮುಟ್ಟುವಂತಿರಲಿಲ್ಲ. ಹಾಗಾಗಿ ಗಾಡಿ ಹಟ ಹಿಡಿದರೆ ಅವಳಿಗೆ ಕೈಕಾಲು ಆಡುತ್ತಿರಲಿಲ್ಲ.

ಮೇಸ್ತ್ರಿ ಅವಳನ್ನು ಸಿಸ್ಟರ್ ಎನ್ನುತ್ತಿದ್ದ, ಅವಳು ಅವನನ್ನು ಅಣ್ಣಾ ಎನ್ನುತ್ತಿದ್ದಳು. ಆ ಲೆಕ್ಕದಲ್ಲಿ ಅವನ ಹೆಂಡತಿ ಅವಳಿಗೆ ಅತ್ತಿಗೆ. ಅತ್ತಿಗೆಯ ಬಾಯಿ ಜೋರು, ಮನಸ್ಸು ಮೆತ್ತಗೆ. ಗಂಡ ಎದುರು ಗೇಟಿನಲ್ಲಿ ಕಿಕ್ಕರ್ ಒದೆಯುತ್ತಿದ್ದರೆ ಅಡುಗೆಮನೆಯ ಕಿಟಕಿಯಿಂದಲೇ ಹೇಳುತ್ತಿದ್ದಳು: ‘ಬೀದಿ ಗಾಡಿಗಳನ್ನೆಲ್ಲ ಎಬ್ಬಿಸೋ ಮಹಾನುಭಾವರಿಗೆ ಮನೇಲಿ ಒಂದು ಬಲ್ಬ್ ಬದಲಾಯಿಸೋಕೆ ಆರು ತಿಂಗಳು ಬೇಕು ನೋಡು ತಂಗಿ.’

‘ಬಲ್ಬು ಕೆಮ್ಮಲ್ಲ ಕಣೇ. ಕೆಮ್ಮಿದ್ರೆ ರಿಪೇರಿ ಮಾಡ್ತೀನಿ,’ ಎನ್ನುತ್ತಿದ್ದ ಅವನು.

ಆ ವರ್ಷದ ಚಳಿ ಎಲ್ಲರ ಮೂಳೆ ಹೊಕ್ಕಿತ್ತು. ಒಂದು ಬೆಳಿಗ್ಗೆ ಸೀಟಿನ ಮೇಲೆ ಮಂಜು ಬಿಳಿಯ ಪುಡಿಯ ಹಾಗೆ ಕೂತಿತ್ತು. ನರ್ಸು ಇಪ್ಪತ್ತು ಸಲ ಒದ್ದರೂ ಗಾಡಿ ಒಂದು ಸಲವೂ ಉಸಿರೆತ್ತಲಿಲ್ಲ. ಮೇಸ್ತ್ರಿ ಬಂದ. ಪ್ಲಗ್ ಬಿಚ್ಚಿ, ಮಸಿ ಒರೆಸಿ, ಬೆಂಕಿಕಡ್ಡಿ ಗೀರಿ ಬೆಚ್ಚಗೆ ಮಾಡಿ ಮತ್ತೆ ಹಾಕಿದ. ಚೋಕ್ ಎಳೆದು, ಕೀ ಹಾಕದೆಯೇ ಕಿಕ್ಕರನ್ನು ಎರಡು ಸಲ ನಿಧಾನವಾಗಿ ಒತ್ತಿದ. ಆಮೇಲೆ ಕೀ ತಿರುಗಿಸಿ ಒದೆಯತೊಡಗಿದ. ಎಂಟನೆಯದೋ ಒಂಬತ್ತನೆಯದೋ ಒದೆತಕ್ಕೆ ಇಂಜಿನ್ನು ಕೆಮ್ಮಿ, ಹೊಗೆ ಕಾರಿ, ಹೇಗೋ ಹಿಡಿದುಕೊಂಡಿತು. ಮೇಸ್ತ್ರಿ ಆಕ್ಸಿಲರೇಟರ್ ಹಿಡಿದು ನಿಂತ.

‘ಈಗ ಕೈ ಬಿಟ್ರೆ ಮತ್ತೆ ಮಲಗುತ್ತೆ. ಒಂದೈದು ನಿಮಿಷ ಕಾಯಿರಿ.’

ಆ ಐದು ನಿಮಿಷದ ನಡುವೆ ಯಾವಾಗಲೋ ಮೇಸ್ತ್ರಿಯ ಮನೆಯೊಳಗೆ ಒಂದು ಪಾತ್ರೆ ಬಿತ್ತು. ಇಂಜಿನ್ನಿನ ಗದ್ದಲದಲ್ಲೂ ನರ್ಸಿಗೆ ಆ ಸದ್ದು ಕೇಳಿಸಿತು. ಬಿದ್ದ ಪಾತ್ರೆ ನೆಲದ ಮೇಲೆ ಒಂದಿಷ್ಟು ಹೊತ್ತು ಗಿರಗಿರನೆ ಸುತ್ತಿ ನಿಂತಿತು. ಅತ್ತಿಗೆ ಈಗ ಏನಾದರೂ ಬೈಯುತ್ತಾಳೆ ಎಂದು ಅವಳು ಅತ್ತ ಕಿವಿಗೊಟ್ಟಳು. ಬೈಗುಳ ಬರಲಿಲ್ಲ. ಅಷ್ಟರಲ್ಲಿ ಮೇಷ್ಟರ ಇಂಜೆಕ್ಷನ್ ನೆನಪಾಯಿತು. ಗಡಿಯಾರ ನೋಡಿಕೊಂಡಳು, ಗಾಡಿ ಹತ್ತಿದಳು, ಹೊರಟುಹೋದಳು.

ಮಧ್ಯಾಹ್ನ ವಾಪಸು ಬಂದಾಗ ಮೇಸ್ತ್ರಿಯ ಮನೆ ಮುಂದೆ ಜನ ಸೇರಿದ್ದರು. ಅವಳು ಹೋದ ಮೇಲೆ ಮೇಸ್ತ್ರಿ ಸ್ಪ್ಯಾನರುಗಳನ್ನು ಶೆಡ್ಡಿನಲ್ಲಿಟ್ಟು, ಹೊರಗಿನ ನಲ್ಲಿಯಲ್ಲಿ ಕೈ ತೊಳೆದು ಒಳಗೆ ಹೋಗಿದ್ದಾನೆ. ಹೆಂಡತಿ ಅಡುಗೆಮನೆಯ ನೆಲದ ಮೇಲಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಕಣ್ಣು ತೆರೆದಿತ್ತು, ಮಾತಿರಲಿಲ್ಲ. ಆಂಬುಲೆನ್ಸ್ ಬಂದು ಕರೆದುಕೊಂಡು ಹೋಗಿತ್ತು.

ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ಮೇಸ್ತ್ರಿ ಅವಳನ್ನು ಕೇಳಿದ: ‘ಸಿಸ್ಟರ್, ನಾನೊಂದು ಹತ್ತು ನಿಮಿಷ ಮುಂಚೆ ಒಳಗೆ ಹೋಗಿದ್ದಿದ್ರೆ?’

‘ಏನೂ ವ್ಯತ್ಯಾಸ ಆಗ್ತಿರಲಿಲ್ಲ ಅಣ್ಣಾ. ದೊಡ್ಡ ಸ್ಟ್ರೋಕು,’ ಎಂದಳು. ನೂರಾರು ಮನೆಗಳಲ್ಲಿ ಅಭ್ಯಾಸವಾದ ದನಿ ಅದು, ತಾನಾಗಿ ಬಂತು. ವ್ಯತ್ಯಾಸ ಆಗುತ್ತಿತ್ತೋ ಇಲ್ಲವೋ, ಅವಳಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ.

ಮೂರನೆಯ ದಿನ ಅತ್ತಿಗೆ ತೀರಿಕೊಂಡಳು.

ಮೇಸ್ತ್ರಿ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಬೀದಿಯವರು ಮೊದಮೊದಲು ಸಾಂತ್ವನ ಹೇಳಲು ಬಂದರು, ಆಮೇಲೆ ತಮ್ಮತಮ್ಮ ಪಾಡಿಗಾದರು. ಬೈಕಿನವರು ಬೇರೆ ಮೆಕ್ಯಾನಿಕ್ ನೋಡಿಕೊಂಡರು. ನರ್ಸು ಮಾತ್ರ ಬೆಳಿಗ್ಗೆ ಗೇಟಿನಲ್ಲಿ ಕಿಕ್ಕರಿನ ಮೇಲೆ ಕಾಲಿಟ್ಟು ಹಾಗೇ ನಿಂತುಬಿಟ್ಟಳು. ಈ ಸದ್ದು ಆ ಕಿಟಕಿಗೆ ಹೋಗಿ ಬಡಿಯುತ್ತದಲ್ಲ ಎನ್ನಿಸಿತು. ಕಾಲು ತೆಗೆದು ಗಾಡಿಯನ್ನು ತಳ್ಳಿಕೊಂಡು ಹೊರಟಳು. ಬೀದಿ ಮುಗಿಯುವ ತಿರುವು ದಾಟಿ, ಬೇಕರಿಯ ಹಿಂಗೋಡೆಯ ಹತ್ತಿರ ನಿಲ್ಲಿಸಿ ಅಲ್ಲಿ ಒದೆಯತೊಡಗಿದಳು. ಅವಳಿಗೆ ಮೇಸ್ತ್ರಿಯ ಹದ ಒಲಿದಿರಲಿಲ್ಲ. ಕಿಕ್ಕರ್ ತಿರುಗಿ ಹೊಡೆದು ಮೊಣಕಾಲಿನ ಕೆಳಗೆ ನೀಲಿಗಟ್ಟಿತು. ಮೇಷ್ಟರ ತಿಂಡಿ ದಿನಾ ತಡವಾಯಿತು.

‘ಗಾಡಿ ಇರೋದು ನಿನ್ನ ಹೊರೋಕೋ, ನೀನಿರೋದು ಗಾಡಿ ಹೊರೋಕೋ?’ ಎಂದು ಅವಳ ತಾಯಿ ರೇಗಿದಳು. ‘ಪಾಪ, ಅವನಿಗೆ ನೋವಾಗುತ್ತೆ ಅಂತೀಯ. ಸರಿ. ಎಷ್ಟು ದಿನ?’

ನರ್ಸು ಪಾತ್ರೆಯ ವಿಷಯ ತಾಯಿಗೂ ಹೇಳಿರಲಿಲ್ಲ. ‘ಅಣ್ಣಾ, ಒಳಗೇನೋ ಬಿತ್ತು ನೋಡಿ’ ಎಂಬ ಒಂದು ಮಾತು, ಅಷ್ಟೇ ಬೇಕಾಗಿದ್ದದ್ದು. ಅದನ್ನು ಆಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಮೂರು ವಾರ ಹೀಗೇ ಕಳೆಯಿತು. ಒಂದು ದಿನ ಬೇಕರಿಯ ಗೋಡೆಯ ಹತ್ತಿರ ಹದಿನೈದನೆಯ ಸಲ ಒದ್ದು, ಏದುಸಿರು ಬಿಡುತ್ತ ತಲೆಯೆತ್ತಿದರೆ ತಿರುವಿನಲ್ಲಿ ಮೇಸ್ತ್ರಿ ನಿಂತಿದ್ದ. ಗಡ್ಡ ಬೆಳೆದಿತ್ತು. ತಲೆಗೆ ಟೋಪಿಯಿರಲಿಲ್ಲ.

‘ಚೋಕು ಬಿಡಿ. ಪೆಟ್ರೋಲ್ ಜಾಸ್ತಿ ಕುಡಿದಿದೆ ಅದು,’ ಎಂದ. ಹತ್ತಿರ ಬರಲಿಲ್ಲ, ಗಾಡಿ ಮುಟ್ಟಲಿಲ್ಲ.

ಅವಳು ಚೋಕು ಒತ್ತಿದಳು. ಒದೆಯದೆ ಅವನ ಕಡೆ ತಿರುಗಿದಳು.

‘ನಾಳೆಯಿಂದ ಮನೆ ಮುಂದೇನೇ ಸ್ಟಾರ್ಟ್ ಮಾಡಿ ಸಿಸ್ಟರ್.’

‘ನಿಮಗೆ ಕೇಳುತ್ತಲ್ಲ ಅಣ್ಣಾ.’

‘ಕೇಳದೆ ಇರೋದೇ ಕಷ್ಟ ಆಗಿರೋದು,’ ಎಂದ. ‘ನೀವು ಗೇಟು ತೆಗೆಯೋದು ಕೇಳುತ್ತೆ. ಚಕ್ರ ಉರುಳೋದು ಕೇಳುತ್ತೆ. ಆಮೇಲೆ ಏನೂ ಇಲ್ಲ. ಗಾಡಿ ಹೊರಡ್ತೋ ಇಲ್ವೋ ಅಂತ ಕಾಯ್ತಾ ಮಲಗಿರ್ತೀನಿ. ಆ ಹೊತ್ತಲ್ಲಿ ಮತ್ತೆ ಆ ಪಾತ್ರೆ ಬೀಳುತ್ತೆ.’

ನರ್ಸಿನ ಕೈ ಹ್ಯಾಂಡಲಿನಿಂದ ಜಾರಿತು. ‘ನಿಮಗೆ ಕೇಳಿತ್ತಾ?’

ಅವನು ಅವಳ ಮುಖ ನೋಡಿದ. ‘ನಿಮಗೂ ಕೇಳಿತ್ತಾ?’

ಅವಳು ಹೌದೆಂದು ತಲೆಯಾಡಿಸಿದಳು. ಬೇಕರಿಯೊಳಗೆ ಯಾರೋ ತಟ್ಟೆಗಳನ್ನು ಜೋಡಿಸುತ್ತಿದ್ದರು. ಗೋಡೆಯ ಕಿಂಡಿಯಿಂದ ಬೆಚ್ಚನೆಯ ಗಾಳಿ ಬಂದು ಇಬ್ಬರ ನಡುವೆ ಹಾದುಹೋಯಿತು.

‘ಏನೋ ಬಿತ್ತು ಅಂತ ಗೊತ್ತಾಯ್ತು,’ ಎಂದ ಮೇಸ್ತ್ರಿ. ‘ಹೋಗಿ ನೋಡೋಣ ಅಂತಾನೂ ಅನ್ನಿಸ್ತು. ಆದ್ರೆ ಕೈ ಬಿಟ್ರೆ ಗಾಡಿ ಮಲಗಿಬಿಡುತ್ತೆ, ಇಷ್ಟು ಹೊತ್ತು ಒದ್ದಿದ್ದು ದಂಡ ಆಗುತ್ತೆ. ಅದಕ್ಕೇ ಹಿಡ್ಕೊಂಡು ನಿಂತೆ. ಬೇರೆ ಏನೂ ಕಾರಣ ಇಲ್ಲ ಸಿಸ್ಟರ್. ಎಷ್ಟು ಹುಡುಕಿದ್ರೂ ಬೇರೆ ಕಾರಣ ಸಿಗ್ತಿಲ್ಲ.’

‘ನಾನು ಹೇಳಬೇಕಿತ್ತು. ಬಾಯಿ ಬಿಡಲಿಲ್ಲ. ಲೇಟಾಗುತ್ತೆ ಅಂತ ಗಡಿಯಾರ ನೋಡ್ಕೊಂಡೆ,’ ಎಂದಳು ಅವಳು. ‘ಆಸ್ಪತ್ರೆಯಲ್ಲಿ ನಿಮಗೆ ಹೇಳಿದ್ನಲ್ಲ ಅಣ್ಣಾ, ವ್ಯತ್ಯಾಸ ಆಗ್ತಿರಲಿಲ್ಲ ಅಂತ... ಅದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗೋ ಹಾಗಿಲ್ಲ. ಸುಮ್ಮನೆ ಹೇಳಿದೆ.’

‘ಅನ್ಕೊಂಡಿದ್ದೆ,’ ಎಂದ ಅವನು. ‘ಆದ್ರೂ ಅವತ್ತು ನಿಮ್ಮ ಮಾತು ಹಿಡ್ಕೊಂಡು ಒಂದಿಷ್ಟು ನಿದ್ದೆ ಮಾಡಿದೆ. ಅದೊಂದೇ ದಿನ.’

ಅವನು ಬೈಯಬಹುದಿತ್ತು. ಬೈಯಲಿ ಎಂದು ಅವಳು ಕಾದಳು. ಅವನು ನಿಮ್ಮ ತಪ್ಪಲ್ಲ ಎಂದೂ ಹೇಳಲಿಲ್ಲ. ಅಂಗೈಗಳನ್ನು ಉಜ್ಜಿಕೊಂಡು, ‘ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡೀರಿ, ಒಂದು ನಾಲ್ಕು ಸಲ ಒದೀರಿ, ಜಾಸ್ತಿಯಾಗಿರೋ ಪೆಟ್ರೋಲ್ ಹೋಗುತ್ತೆ,’ ಎಂದ. ಅವಳು ಹಾಗೇ ಮಾಡಿದಳು. ಐದನೆಯದಕ್ಕೆ ಗಾಡಿ ಹಿಡಿದುಕೊಂಡಿತು. ಸದ್ದು ಕೇಳುತ್ತಿದ್ದಂತೆ ಅವನು ಬೆನ್ನು ತಿರುಗಿಸಿ ಮನೆ ಕಡೆ ನಡೆದ. ಅವಳು ಕಣ್ಣೊರೆಸಿಕೊಂಡು ಮೇಷ್ಟರ ಮನೆಗೆ ಹೊರಟಳು. ಸಿರಿಂಜಿಗೆ ಔಷಧಿ ತುಂಬುವಾಗ ಅವಳ ಕಣ್ಣು ಮೂಗು ಕೆಂಪಾಗಿದ್ದನ್ನು ಕಂಡು ಮೇಷ್ಟರು, ‘ಏನಮ್ಮ, ಅಷ್ಟೊಂದು ಚಳೀನಾ?’ ಎಂದರು. ಹೌದು ಸಾರ್ ಎಂದಳು.

ಮಾರನೆಯ ದಿನ ಅವಳು ಗೇಟಿನಲ್ಲೇ ನಿಂತು ಒದ್ದಳು. ಆರನೆಯ ಸಲಕ್ಕೂ ಹಿಡಿಯದೆ ಇದ್ದಾಗ ಎದುರಿನ ಬಾಗಿಲು ತೆರೆಯಿತು. ಮೇಸ್ತ್ರಿ ಹೊಸ್ತಿಲ ಮೇಲೇ ನಿಂತು, ‘ಪೆಟ್ರೋಲ್ ನಾಬು ತಿರುಗಿಸಿದ್ರಾ?’ ಎಂದ. ತಿರುಗಿಸಿರಲಿಲ್ಲ. ಆ ಚಳಿಗಾಲವೆಲ್ಲ ಹೀಗೇ ನಡೆಯಿತು. ಅವನು ಹೊಸ್ತಿಲಿನಿಂದ ಹೇಳುತ್ತಿದ್ದ, ಅವಳು ಮಾಡುತ್ತಿದ್ದಳು. ಬೀದಿ ದಾಟಿ ಅವನು ಒಮ್ಮೆಯೂ ಬರಲಿಲ್ಲ, ಅವಳು ಕರೆಯಲೂ ಇಲ್ಲ. ನಿಧಾನವಾಗಿ ಅವಳ ಕಾಲಿಗೆ ಹದ ಹತ್ತಿತು. ಪಾತ್ರೆಯ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಅವನು ಶೆಡ್ಡನ್ನು ಬೇರೊಬ್ಬ ಮೆಕ್ಯಾನಿಕ್ಕಿಗೆ ಬಿಟ್ಟುಕೊಟ್ಟು, ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಡಬ್ಬಿಗಳಲ್ಲಿ ತುಂಬಿದ ನಟ್ಟು, ವಾಷರು, ಪ್ಲಗ್ಗುಗಳನ್ನು ಕೇಳಿದವರಿಗೆ ತೆಗೆದುಕೊಡುವ ಕೆಲಸ. ಅಲ್ಲಿ ಯಾವ ಗಾಡಿಯನ್ನೂ ಸ್ಟಾರ್ಟ್ ಮಾಡಬೇಕಾಗಿರಲಿಲ್ಲ.

ಕೆಲಸಕ್ಕೆ ಹೋಗತೊಡಗಿದ ಮೇಲೂ ಬೆಳಿಗ್ಗೆ ಗೇಟು ತೆಗೆದ ಸದ್ದಾದರೆ ಅವನು ಹೊಸ್ತಿಲಿಗೆ ಬರುತ್ತಿದ್ದ. ಒಂದು ದಿನ ಗಾಡಿ ಮೊದಲನೆಯ ಒದೆತಕ್ಕೇ ಹೊರಟಿತು. ಹೇಳಿಕೊಡಲು ಏನೂ ಇರಲಿಲ್ಲ. ಆದರೂ ಅವನು ತೆಳ್ಳನೆಯ ಅಂಗಿಯಲ್ಲಿ ಕೈಕಟ್ಟಿಕೊಂಡು ನಿಂತೇ ಇದ್ದ.

‘ಒಳಗೆ ಹೋಗಿ ಅಣ್ಣಾ, ಇನ್ನೂ ಚಳಿ ಇದೆ,’ ಎಂದಳು ಅವಳು, ಇಂಜಿನ್ನಿನ ಸದ್ದಿನ ಮೇಲೆ ದನಿಯೇರಿಸಿ.

‘ಒಳಗೂ ಅಷ್ಟೇ ಇದೆ. ನೀವು ಹೊರಡಿ,’ ಎಂದ.

ಅವಳು ಗೇರು ಹಾಕಿದಳು. ಮೇಷ್ಟರ ತಿಂಡಿಗೆ ಇನ್ನೂ ಹೊತ್ತಿತ್ತು.