ಗೊತ್ತಿಲ್ಲವೆನ್ನುವ ಡಾಕ್ಟರಮ್ಮ

ಮಕ್ಕಳ ಡಾಕ್ಟರಮ್ಮ ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸತೊಡಗಿದರೆಂದರೆ, ಮುಂದೆ ಬರುವ ಮಾತು 'ಗೊತ್ತಿಲ್ಲ' ಎಂಬುದು ಆಸ್ಪತ್ರೆಯ ಆಯಾಗೂ ಗೊತ್ತು. ದನಿ ತಗ್ಗಿಸದೆ, ಮುಖ ತಿರುಗಿಸದೆ, ತಮ್ಮ ಮನೆಯ ವಿಳಾಸ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾರೆ. ಎಡಗಾಲನ್ನು ತುಸು ಎಳೆದು ನಡೆಯುವ, ತೋಳು ಮಡಿಸಿದ ಹಳೆಯ ಬಿಳಿ ಕೋಟಿನ, ಅಳುವ ಕೂಸಿನೆದುರು ತಾವೂ ತುಟಿ ಸೊಟ್ಟ ಮಾಡುವ ಈ ಹೆಂಗಸಿನ ಸಮಸ್ತ ಗುಣಗಳನ್ನೂ ಮೆಚ್ಚುವ ಜನ ಆ ಒಂದು ಮಾತನ್ನು ಮಾತ್ರ ಜೀರ್ಣಿಸಿಕೊಳ್ಳರು.

ಗ್ಯಾರೇಜಿನ ಮೇಸ್ತ್ರಿಗಂತೂ ಅದು ಮೈಯುರಿ. ಯಾವ ದೇಶದ ಗಾಡಿಯಾದರೂ ಬ್ರೇಕು ಬ್ರೇಕೇ ಎಂದು ನಂಬಿದವನು ಆತ. ಪರದೇಶದಿಂದ ಬಂದಿದ್ದ ತಂಗಿ, ವರ್ಷ ತುಂಬಿದ ಮಗನಿಗೆ ಸೀತಾಳೆ ಸಿಡುಬಿನ ಲಸಿಕೆ ಬೇಡವೆಂದು ಹಟ ಹಿಡಿದಿದ್ದಳು. ಅಲ್ಲಿ ಅದನ್ನು ಎಲ್ಲ ಮಕ್ಕಳಿಗೆ ಕೊಡುವುದಿಲ್ಲ, ಇಲ್ಲಿ ಕೊಡುತ್ತಾರೆ. ಮೇಸ್ತ್ರಿಯ ಮನೆಯ ಕೆಳಗಿನ ಮಹಡಿಯ ಮಕ್ಕಳಿಗೆ ಆಗಲೇ ಗುಳ್ಳೆ ಎದ್ದಿದ್ದವು. ಅಡುಗೆಮನೆಯಲ್ಲಿ ಹುಟ್ಟಿದ ಜಗಳ ದಾರಿಯುದ್ದಕ್ಕೂ ಬೆಳೆದು ಡಾಕ್ಟರಮ್ಮನ ಮೇಜಿಗೆ ಬಂದು ಬಿತ್ತು.

"ಹೇಳಿಬಿಡಿ ಡಾಕ್ಟರಮ್ಮ, ಇಲ್ಲಿಯವರು ದಡ್ಡರೋ, ಅಲ್ಲಿಯವರೋ?" ಎಂದ ಮೇಸ್ತ್ರಿ.

"ಯಾರೂ ಅಲ್ಲ. ಲಸಿಕೆ ಮಗುವನ್ನ ಕಾಯುತ್ತೆ, ಅದಕ್ಕೆ ಇಬ್ಬರದೂ ಒಪ್ಪಿಗೆ. ಚಿಕ್ಕಂದಿನಲ್ಲಿ ಈ ರೋಗ ಬಂದವರ ಮೈಯಲ್ಲಿ ಅದು ಅಡಗಿ ಕೂತು ಮುಂದೆ ಸರ್ಪಸುತ್ತಾಗಿ ಏಳಬಹುದು; ಮಕ್ಕಳಿಂದ ಆಗಾಗ ಸೋಂಕು ತಾಗ್ತಿದ್ರೆ ಮೈ ಅದನ್ನ ತಡೆಯುತ್ತೆ ಅಂತ ಒಂದು ಲೆಕ್ಕ. ಮಕ್ಕಳಲ್ಲಿ ಈ ರೋಗ ಕಮ್ಮಿಯಾದ್ರೆ ದೊಡ್ಡವರಲ್ಲಿ ಸರ್ಪಸುತ್ತು ಹೆಚ್ಚಾಗಬಹುದು ಅಂತ ಅಲ್ಲಿಯವರಿಗೆ ಅಂಜಿಕೆ. ಇಲ್ಲಿಯವರಿಗೆ ಅಷ್ಟಿಲ್ಲ."

"ಹೆಚ್ಚಾಗುತ್ತೋ ಇಲ್ವೋ?"

ಕನ್ನಡಕ ಕೆಳಗಿಳಿಯಿತು. "ಗೊತ್ತಿಲ್ಲ. ಇನ್ನೂ ನೋಡ್ತಾ ಇದ್ದಾರೆ."

ಮೇಸ್ತ್ರಿ ಕುರ್ಚಿ ತಳ್ಳಿ ಎದ್ದ. "ಗೊತ್ತಿಲ್ಲ ಅನ್ನೋಕೆ ಇಷ್ಟೊಂದು ಓದಬೇಕಾ? ಇವಳ ಗಂಡ ಪುಕ್ಕಟೆ ಹೇಳ್ತಾನೆ!"

"ಅವರಿಗೆ ಸೂಜಿ ಹಾಕೋಕೆ ಬರುತ್ತಾ?" ಎಂದರು ಡಾಕ್ಟರಮ್ಮ, ನಗದೆ.

ತಂಗಿಗೆ ನಗು ತಡೆಯಲಾಗಲಿಲ್ಲ. ಬೇಡವೇ ಬೇಡ ಎಂದು ಅಲ್ಲಿ ಗೆಳತಿಯರು, ಹಾಕಿಸಲೇಬೇಕು ಎಂದು ಇಲ್ಲಿ ಅಣ್ಣ; ಕೂಗಾಟ ಕೇಳಿ ಕೇಳಿ ಅವಳು ಕಿವಿ ಮುಚ್ಚಿಕೊಂಡಿದ್ದಳು. ಈಗ ಮೆಲ್ಲಗೆ ಕೇಳಿದಳು: "ನಿಮ್ಮ ಮಗುವೇ ಆಗಿದ್ರೆ?"

"ಇವತ್ತೇ ಹಾಕಿಸ್ತಿದ್ದೆ. ಮನೆ ಕೆಳಗೇ ರೋಗ ಇದೆಯಲ್ಲಮ್ಮ. ನನ್ನ ಅನುಮಾನ ಮಗುವಿನ ಬಗ್ಗೆ ಅಲ್ಲ, ನಿಮ್ಮಣ್ಣನಂಥ ವಯಸ್ಸಿನವರ ಬಗ್ಗೆ."

"ಅಂದ್ರೆ... ನನಗಾ?" ಮೇಸ್ತ್ರಿಯ ದನಿ ಇಳಿದಿತ್ತು.

"ಬಂದ್ರೆ ಬನ್ನಿ, ನೋಡೋಣ."

ತಂಗಿ ಮಗುವಿನ ಅಂಗಿಯ ತೋಳು ಮೇಲೇರಿಸಿದಳು.

ಇಂಥವರು ನಮ್ಮ ಸಿಟ್ಟಿಗೆ ಬೇಗ ಗುರಿಯಾಗುತ್ತಾರೆ. ಕೇಳಿದ್ದಕ್ಕೆಲ್ಲ ಉತ್ತರ ಸಿಗಬೇಕೆಂಬ ಹಸಿವು ನಮ್ಮದು. ಆದರೆ ಹೆತ್ತವಳೊಬ್ಬಳು ಭಯಪಡುತ್ತಲೇ ತನ್ನ ಕೂಸಿನ ಎಳೆಯ ತೋಳನ್ನು ಒಪ್ಪಿಸುವುದು, ತಮ್ಮ ತಿಳಿವು ಎಲ್ಲಿಗೆ ಮುಗಿಯುತ್ತದೆಂದು ಮರೆಮಾಚದ ಇಂಥವರ ಕೈಗೇ.