ಮೇಜಿನ ಮುಂದೆ ಗೋಲ್‌ಕೀಪರ್

ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಪಂದ್ಯ ಸೋತ ಮರುದಿನ ಗೋಲ್‌ಕೀಪರ್ ಸಮಿತಿಯ ಕೋಣೆಗೆ ಹೋಗಿ, ಮೇಜಿನ ಮುಂದೆ ನಿಂತು, ಗೋಲು ಹೇಗೆ ಹೋಯಿತೆಂದು ಹೇಳಬೇಕು. ಗೋಲ್‌ಕೀಪರ್ ಒಬ್ಬನೇ. ತೆರೆದ ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಒದ್ದವನನ್ನು ಯಾರೂ ಕರೆಯುವುದಿಲ್ಲ. ಅವನು ಆರಾಮಾಗಿ ಮನೆಯಲ್ಲಿ ಮಲಗಿರುತ್ತಾನೆ.

ಆಡುವಷ್ಟು ಕಾಲ ನಾನೂ ಆ ಮೇಜಿನ ಮುಂದೆ ನಿಂತೆ. ಬೆರಳುಗಳು ಸೊಟ್ಟಗಾದವು, ಮೊಣಕಾಲು ಮಾತು ಕೇಳದಾಯಿತು, ಆಮೇಲೆ ನನ್ನನ್ನು ಕೋಚ್ ಮಾಡಿದರು. ಮೇಜಿನ ಆಚೆ ಒಂದು ಕುರ್ಚಿಯೂ ಸಿಕ್ಕಿತು. ಅದನ್ನು ಏಕೆ ಕೊಟ್ಟರೆಂದು ತಿಳಿಯಲು ಸ್ವಲ್ಪ ದಿನ ಹಿಡಿಯಿತು. ಹೊಸ ಕೀಪರನ್ನು ಬಯ್ಯಲು ಹಳೆಯ ಕೀಪರ್ ಇದ್ದರೆ ಸಮಿತಿಯವರ ಬಾಯಿ ನೋಯುವುದಿಲ್ಲ.

ಈ ಸಲ ಮುಂದೆ ನಿಂತವನು ಕೊಕ್ಕರೆ. ಉದ್ದ ಕಾಲು, ಉದ್ದ ಕತ್ತು, ಹಾಗಾಗಿ ಆ ಹೆಸರು. ಹಿಂದಿನ ದಿನ ಒಂದೇ ಒಂದು ಗೋಲಿನಿಂದ ಸೋತಿದ್ದೆವು, ಅದೂ ಫ್ರೀ ಕಿಕ್‌ನಲ್ಲಿ.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಕೋಚ್, ನೀವೇ ಕೇಳಿ. ಅವರು ಒದೆಯುವಾಗ ಇವನು ಕಂಬ ತಬ್ಬಿಕೊಂಡು ಏನು ಮಾಡ್ತಿದ್ದ?"

"ಗೋಡೆ ಕಟ್ತಿದ್ದ ಸರ್."

"ಮೇಸ್ತ್ರಿನಾ ಇವನು?" ಎಂದು ಕಾರ್ಯದರ್ಶಿ ನಕ್ಕರು.

ನನಗೆ ಮೈ ಉರಿಯಿತು. ಆದರೂ ಟೀ ಲೋಟಗಳನ್ನು ಎಳೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. "ಇದು ಒದೆತಕ್ಕೆ ಅಡ್ಡ ನಿಲ್ಲೋ ನಮ್ಮವರ ಗೋಡೆ. ಗೋಲಿನ ಯಾವ ಮೂಲೆಗೆ ಅದು ಅಡ್ಡ ಬರಬೇಕು ಅಂತ ಕೀಪರ್ ಕಂಬದ ಹತ್ತಿರ ನಿಂತು ನೋಡಿ ಹೇಳಬೇಕು. ಅಷ್ಟು ಹೊತ್ತು ಗೋಲು ಬಾಯಿ ಬಿಟ್ಟುಕೊಂಡಿರುತ್ತೆ. ಅದಕ್ಕೇ, ಅವರು ಅವಸರದಲ್ಲಿ ಒದೆಯದ ಹಾಗೆ ನಮ್ಮವನೊಬ್ಬ ಚೆಂಡಿನ ಎದುರು ನಿಂತು, ರೆಫರಿ ಓಡಿಸೋವರೆಗೂ ಕದಲಬಾರದು." ಸಕ್ಕರೆ ಡಬ್ಬಿಯನ್ನು ಚೆಂಡಿನ ಜಾಗದಲ್ಲಿ ಇಟ್ಟೆ. "ಇದರ ಎದುರು ಯಾರಿದ್ದರು ಸರ್?"

ಯಾರೂ ಇರಲಿಲ್ಲ. ಅಲ್ಲಿರಬೇಕಾಗಿದ್ದವರು ನಮ್ಮ ನಾಯಕ, ಅಧ್ಯಕ್ಷರ ಅಳಿಯ. ಅವರನ್ನು ಎದುರಿಗೂ ಹಿಂದಿನಿಂದಲೂ ನಾವು 'ಅಳಿಯಂದಿರು' ಎಂದೇ ಕರೆಯುತ್ತೇವೆ. ಆ ಹೊತ್ತಿನಲ್ಲಿ ಅಳಿಯಂದಿರು ರೆಫರಿಯ ಹಿಂದೆ ಕೈ ಬೀಸಿಕೊಂಡು ಜಗಳಕ್ಕೆ ಹೋಗಿದ್ದರು.

ಅಧ್ಯಕ್ಷರು ಸಕ್ಕರೆ ಡಬ್ಬಿಯನ್ನೇ ನೋಡಿದರು. ಅರ್ಥವಾಗಿತ್ತು. ಅರ್ಥವಾಗಿಯೂ ಹೀಗೆಂದರು: "ಅದೆಲ್ಲ ಬಿಡಿ. ಕೈ ಬಳಸೋನು ಇವನೊಬ್ಬನೇ ತಾನೇ? ಎಲ್ಲರ ಮುಂದೆ ತಪ್ಪಾಯ್ತು ಅಂತ ಹೇಳಲಿ. ಹೇಳದಿದ್ರೆ ಭಾನುವಾರ ಬೇರೆಯವನು ನಿಲ್ತಾನೆ."

ಕೊಕ್ಕರೆ ಗಂಟಲು ಸರಿಮಾಡಿಕೊಂಡ. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಒಂದು ಸಲ ತಲೆ ತಗ್ಗಿಸಿದರೆ ಮುಂದೆ ಯಾರು ಎಡವಿದರೂ ಅದು ಇವನ ಕಾಲಿನ ಲೆಕ್ಕಕ್ಕೇ ಬರುತ್ತದೆ.

"ಬಾಯಿ ಮುಚ್ಚಿಕೊಂಡಿರು," ಎಂದೆ.

"ಅಣ್ಣಾ, ಒಂದು ಮಾತಲ್ವಾ, ಹೇಳಿಬಿಡ್ತೀನಿ."

"ನೀನು ಮಾಡಿದ್ದು ಹೇಳು. ಬೇರೆಯವರು ಮಾಡಿದ್ದು ಹೇಳೋಕೆ ಅವರಿಗೇ ಬಾಯಿದೆ."

ಎದ್ದು ಮೈದಾನಕ್ಕೆ ಹೋದೆ. ಹುಡುಗರು ಬೂಟು ಕಟ್ಟುತ್ತಿದ್ದರು. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ. "ತಪ್ಪಾಯ್ತು ಅನ್ನದಿದ್ರೆ ಭಾನುವಾರ ಕೊಕ್ಕರೆ ಇಲ್ಲ. ಚೆಂಡಿನ ಎದುರು ಅವನು ನಿಲ್ಲಲಿಲ್ಲವಂತೆ," ಎಂದೆ.

ಎಡಗಡೆ ಆಡುವ ಕುಳ್ಳ ತಲೆಯೆತ್ತಿದ. "ಅವನ್ಯಾಕೆ ಅಲ್ಲಿ ನಿಲ್ತಾನೆ? ಗೋಲನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಬೇಕಿತ್ತಾ?"

ಎಲ್ಲರೂ ಅಳಿಯಂದಿರ ಕಡೆ ನೋಡಿದರು. ಅವರು ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟಿದರು. ಕುಳ್ಳ ಎದ್ದ. ಒಬ್ಬೊಬ್ಬರಾಗಿ ಉಳಿದವರೂ ಎದ್ದರು.

ಕೆಸರು ಬೂಟಿನಲ್ಲೇ ಇಡೀ ತಂಡ ಸಮಿತಿಯ ಕೋಣೆಗೆ ನುಗ್ಗಿತು. ನಿಲ್ಲಲು ಜಾಗ ಸಾಲದೆ ಕಪಾಟಿಗೆ ಬೆನ್ನು ಹಚ್ಚಿದರು. ಕಾರ್ಯದರ್ಶಿ ಲೋಟಗಳನ್ನು ಎದೆಗವಚಿಕೊಂಡರು. ನಾನು ನಡುವೆ ನುಸುಳಿ ಬಂದು ನನ್ನ ಕುರ್ಚಿಯಲ್ಲಿ ಕೂತೆ.

"ನಿಮ್ಮನ್ನ ಕರೆದವರು ಯಾರು?" ಎಂದರು ಅಧ್ಯಕ್ಷರು.

"ಗೋಲು ಹೇಗೆ ಹೋಯ್ತು ಅಂತ ಹೇಳೋಕೆ ಬಂದ್ವಿ ಸರ್," ಎಂದ ಕುಳ್ಳ. "ನಾವೂ ಅಲ್ಲೇ ಇದ್ವಲ್ಲ."

ಅಳಿಯಂದಿರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲೂ ಆಗದು, ಹೊರಗೆ ಹೋಗಲೂ ಆಗದು. ಕೊನೆಗೆ ನೆಲ ನೋಡುತ್ತಾ ಹೇಳಿದರು: "ಚೆಂಡಿನ ಹತ್ತಿರ ನಾನಿರಬೇಕಿತ್ತು ಮಾವ."

ಅಧ್ಯಕ್ಷರ ಕಿವಿ ಕೆಂಪಾಯಿತು. "ಸರಿ ಸರಿ. ಗೋಲಿಗೆ ಇವನೇ ನಿಲ್ಲಲಿ. ಹೋಗಿ ಪ್ರಾಕ್ಟೀಸ್ ಮಾಡಿ."

ಎಲ್ಲರೂ ಹೋದರು, ಕೊಕ್ಕರೆಯೂ ಹೋದ. ನಾನು ಕುರ್ಚಿಯಿಂದ ಏಳಲಿಲ್ಲ.

"ಇನ್ನೇನು ಕೋಚ್?"

"ಅವನ ತಪ್ಪಲ್ಲ ಅಂತ ಅವನಿಗೆ ಯಾರೂ ಹೇಳಲಿಲ್ಲ ಸರ್."

"ಆಡ್ತಾನಲ್ಲ, ಸಾಲದಾ? ಬೇಕಾದ್ರೆ ನೀವೇ ಹೇಳಿಬಿಡಿ."

"ತಪ್ಪು ಅಂತ ಹೇಳುವಾಗ ನೀವೇ ಹೇಳಿದ್ರಿ. ಇದನ್ನೂ ನೀವೇ ಹೇಳಿ. ಇಲ್ಲದಿದ್ರೆ ನಾಳೆಯಿಂದ ಈ ಕುರ್ಚಿಗೆ ಬೇರೆಯವರನ್ನ ಹುಡುಕಿ."

ಅವರು ಏಳಲಿಲ್ಲ. ನಾನೂ ಏಳಲಿಲ್ಲ. ಹೊರಗೆ ಗ್ಲೌಸಿಗೆ ಚೆಂಡು ಬಡಿಯುವ ಸದ್ದು ಕೇಳುತ್ತಿತ್ತು. ಕಾರ್ಯದರ್ಶಿ ಕೆಮ್ಮಿದರು, ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಅಧ್ಯಕ್ಷರು ಮೇಜಿನ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕಿಕೊಂಡು, ಮೆಟ್ಟಿಲಿಳಿದು ಹೋದರು.

ನಾನು ಕಿಟಕಿಯಿಂದ ನೋಡಿದೆ. ಅವರು ಗೋಲಿನ ಮುಂದೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಏನೋ ಹೇಳಿದರು. ಇಲ್ಲಿಗೆ ಕೇಳಿಸಲಿಲ್ಲ. ಕೊಕ್ಕರೆ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ, ಚೆಂಡು ಬರ್ತಿದೆ, ಸ್ವಲ್ಪ ಪಕ್ಕಕ್ಕೆ ಸರೀರಿ ಎಂಬಂತೆ ಕೈ ಬೀಸಿದ.