ಕೇಳಿಸದ ಶಿಳ್ಳೆ

ಭಾಮೈದನ ಸಂಗೀತದಲ್ಲಿ ತಪ್ಪು ಹುಡುಕಲೆಂದೇ ಟೀವಿ ಮೆಕ್ಯಾನಿಕ್ ಆ ಭಾನುವಾರ ಮಧ್ಯಾಹ್ನ ಸಭಾಂಗಣಕ್ಕೆ ಹೋಗಿದ್ದ. ಜೇಬಿನಲ್ಲಿ ಚೀಟಿ ಮತ್ತು ಪೆನ್ನು ಇದ್ದವು. ಹೆಂಡತಿಗೆ ತಮ್ಮನ ಮೇಲೆ ಎಷ್ಟು ಹೆಮ್ಮೆಯೆಂದರೆ, ಒಂದು ಗಂಟೆ ಮೊದಲೇ ಬಂದು ಮುಂದಿನ ಸಾಲು ಹಿಡಿದಿದ್ದಳು. ಅವಳಾಚೆ ಕಾಲೇಜಿಗೆ ಹೋಗುವ ಮಗಳು ಕುಳಿತಿದ್ದಳು.

ವೇದಿಕೆಯಲ್ಲಿ ಭಾಮೈದ ಒಂದು ಕಂಪ್ಯೂಟರು ಮತ್ತು ಗುಂಡಿಗಳ ಪೆಟ್ಟಿಗೆ ಇಟ್ಟುಕೊಂಡಿದ್ದ. ಅವನ ಸಂಗೀತದಲ್ಲಿ ಇದ್ದದ್ದೆಲ್ಲ ಹಳೆಯ ಟೀವಿಯ ಸದ್ದು. ಸ್ವಿಚ್ಚಿನ ಟಕ್, ಪರದೆ ಬೆಳಗುವಾಗಿನ ಢುಂ, ಗಾಜಿನ ಮೇಲೆ ಕೈಯಾಡಿಸಿದರೆ ಬರುವ ಚಟಪಟ, ಕಾರ್ಯಕ್ರಮ ಮುಗಿದ ಮೇಲಿನ ಸೊರ್ರೆನ್ನುವ ಮೊರೆತ. ಅವನ್ನು ಕತ್ತರಿಸಿ, ಎಳೆದು, ಒಂದರ ಮೇಲೊಂದು ಹೊದಿಸಿ ನಿಧಾನವಾಗಿ ಹರಿಯಬಿಡುತ್ತಿದ್ದ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಸದ್ದುಗಳೆಲ್ಲ ಮೆಕ್ಯಾನಿಕ್ಕನ ಅಂಗಡಿಯವು. ಹಿಂದಿನ ವರ್ಷ ಭಾಮೈದ ಆರು ತಿಂಗಳು ಅಲ್ಲಿಗೆ ಬಂದು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹನ್ನೊಂದು ಪಿಕ್ಚರ್ ಟ್ಯೂಬ್ ಸೆಟ್ಟುಗಳ ಮುಂದೆ ಮೈಕು ಹಿಡಿದು ಕುಳಿತಿದ್ದ. ಒಂದೊಂದಕ್ಕೂ ಜೀವ ಬರಿಸಿ ಕೊಟ್ಟವನು ಮೆಕ್ಯಾನಿಕ್ಕೇ. ಆಗ ಅವನಿಗೆ ನಗು ಬಂದಿತ್ತು, ಈಗ ಹೊಟ್ಟೆ ಉರಿಯುತ್ತಿತ್ತು. ಅವೇ ಸದ್ದುಗಳ ನಡುವೆ ಮೂವತ್ತೊಂದು ವರ್ಷ ಕೂತವನು ತಾನು. ಅದಕ್ಕಾಗಿ ಯಾರೂ ಕಣ್ಣೀರು ಹಾಕಿರಲಿಲ್ಲ. ಹಾಕಿದ್ದರೆ ಫೈನಲ್ ಪಂದ್ಯಕ್ಕೆ ಮೊದಲು ಸೆಟ್ಟು ರೆಡಿಯಾಗದೆ ಇದ್ದಾಗ ಮಾತ್ರ.

ಅವನ ಕಿವಿಗೆ ಊರಲ್ಲಿ ಹೆಸರಿತ್ತು. ಹಳೆಯ ಸೆಟ್ಟು ಚಾಲೂ ಆದಾಗ ಒಳಗಿನ ಟ್ರಾನ್ಸ್‌ಫಾರ್ಮರು ಒಂದು ಸಣ್ಣ ಶಿಳ್ಳೆ ಹಾಕುತ್ತದೆ. ಸೆಕೆಂಡಿಗೆ ಹದಿನೈದು ಸಾವಿರದ ಆರುನೂರ ಇಪ್ಪತ್ತೈದು ಕಂಪನ. ಗಿರಾಕಿಯ ಮನೆ ಬಾಗಿಲಲ್ಲಿ ನಿಂತೇ ಅದನ್ನು ಕೇಳಿ, ಸ್ಕ್ರೂ ಬಿಚ್ಚುವ ಮೊದಲೇ ಕೆಟ್ಟಿದ್ದೇನೆಂದು ಹೇಳಿಬಿಡುತ್ತಿದ್ದ.

ಮೂರನೆಯ ರಚನೆಯಲ್ಲಿ ಬೇಕಾದ ತಪ್ಪು ಸಿಕ್ಕಿತು. ಅದರಲ್ಲೇ ಮೊದಲ ಸಲ ಒಂದು ಸೆಟ್ಟು ಚಾಲೂ ಆಗಿ ಓಡುವ ಸದ್ದು ಬಂತು, ಆದರೆ ಶಿಳ್ಳೆಯೇ ಇರಲಿಲ್ಲ. ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದ. ಪ್ರಶ್ನೆ ಕೇಳುವ ಸಮಯ ಬಂದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತ.

"ಎಲ್ಲಾ ಚೆನ್ನಾಗಿದೆ ಕಣಪ್ಪ. ಆದ್ರೆ ಮೂರನೇದ್ರಲ್ಲಿ ನಿನ್ನ ಟೀವಿ ಸತ್ತೇಹೋಗಿದೆ. ಶಿಳ್ಳೆ ಎಲ್ಲಿ? ಶಿಳ್ಳೆ ಇಲ್ದಿರೋ ಸೆಟ್ಟು ಬರೀ ಪೆಟ್ಟಿಗೆ."

ಭಾಮೈದ ಕಂಪ್ಯೂಟರನ್ನು ನೋಡಿದ, ಭಾವನನ್ನು ನೋಡಿದ, ಮತ್ತೆ ಕಂಪ್ಯೂಟರನ್ನು ನೋಡಿದ.

"ನೀವು ಇಲ್ಲ ಅಂದ್ಮೇಲೆ ಇಲ್ಲ ಭಾವ," ಎಂದ. "ಸರಿ ಮಾಡ್ತೀನಿ."

ಆ ದಿನದ ದೊಡ್ಡ ಚಪ್ಪಾಳೆ ಮೆಕ್ಯಾನಿಕ್ಕನಿಗೆ ಬಿತ್ತು. ಕಲಾವಿದನನ್ನೇ ತಿದ್ದಿದ ಕಿವಿ ಎಂದು ಸೋಮವಾರದ ಪತ್ರಿಕೆಯ ಒಳಪುಟದಲ್ಲಿ ಬಂತು. ಅವನು ಅದನ್ನು ಹೆಂಡತಿಗೆ ಎರಡು ಸಲ ಓದಿಸಿದ. ಎರಡನೆಯ ಸಲ ಅವಳು ಅರ್ಧಕ್ಕೇ ನಿಲ್ಲಿಸಿ, ನನ್ನ ತಮ್ಮನ ಮಾನ ತೆಗೆದದ್ದಕ್ಕೆ ಇಷ್ಟೊಂದು ಸಂಭ್ರಮವೇ ಎಂದು ಕೇಳಿ ಒಳಗೆ ಹೋದಳು. ಮಗಳು ಅಲ್ಲೇ ಉಳಿದಳು.

"ಅಪ್ಪಾ, ಶಿಳ್ಳೆ ಇತ್ತು. ಮೊದಲಿಂದ ಕೊನೇತನಕ. ನಾನು ಕಿವಿಗೆ ಬೆರಳಿಟ್ಕೊಂಡು ಕೂತಿದ್ದೆ. ಹಿಂದಿನ ಸಾಲಿನ ಹುಡುಗೀರೂ ಅಷ್ಟೆ."

ಅವನು ರೇಗಿದ. ಆದರೆ ಅಳೆಯದೆ ಮಾತಾಡುವುದು ಅವನ ಜಾಯಮಾನವಲ್ಲ. ಮಂಗಳವಾರ ಅಂಗಡಿಯಲ್ಲಿ, ಬೇಕಾದ ಕಂಪನದ ಸದ್ದು ಹೊರಡಿಸುವ ಯಂತ್ರ ತೆಗೆದು, ಮಗಳನ್ನು ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿದ. ಕೇಳಿಸಿದರೆ ಕೈ ಎತ್ತಬೇಕು ಎಂಬುದು ಒಪ್ಪಂದ. ಮೇಲಿನಿಂದ ಇಳಿಸುತ್ತ ಬಂದಾಗ ಅವಳು ಹದಿನಾರು ಸಾವಿರ ಕಂಪನಕ್ಕೇ ಎತ್ತಿದಳು. ಅವನು ಕುಳಿತಾಗ ಅವಳು ತಿರುಗಣೆಯನ್ನು ಇಳಿಸುತ್ತಲೇ ಹೋಗಬೇಕಾಯಿತು. ಅವನ ಕೈ ಎದ್ದದ್ದು ಒಂಬತ್ತು ಸಾವಿರದ ಇನ್ನೂರಕ್ಕೆ, ಶಿಳ್ಳೆಗಿಂತ ಎಷ್ಟೋ ಕೆಳಗೆ. ಹೆಡ್‌ಫೋನು ಬದಲಾಯಿಸಿ ಮತ್ತೆ ಪರೀಕ್ಷಿಸಿದರೂ ಅದೇ ಅಂಕಿ ಬಂತು. ಮಗಳು ಚೀಲ ಎತ್ತಿಕೊಂಡು ಕಾಲೇಜಿಗೆ ಹೋದಳು.

ಬುಧವಾರ ಬೆಳಿಗ್ಗೆ ಭಾಮೈದನೇ ಕಂಪ್ಯೂಟರು ಹೊತ್ತು ಬಂದ. ಆ ಸಂಗೀತವನ್ನು ರೆಕಾರ್ಡು ಅಚ್ಚು ಹಾಕುವ ಕಾರ್ಖಾನೆಗೆ ಸಂಜೆಯೊಳಗೆ ಕಳಿಸಬೇಕಿತ್ತು. ಶಿಳ್ಳೆಯನ್ನು ಹತ್ತು ಪಟ್ಟು ಏರಿಸಿದ್ದೇನೆ, ಒಮ್ಮೆ ಕೇಳಿ ಎಂದು ಹೆಡ್‌ಫೋನು ಕೊಟ್ಟು, ಇನ್ನೊಂದನ್ನು ತಾನೂ ಹಾಕಿಕೊಂಡ.

ಟಕ್. ಢುಂ. ಆಮೇಲೆ ನುಣ್ಣನೆಯ ಮೌನ. ಸದ್ದನ್ನು ಗೆರೆಯಾಗಿ ತೋರಿಸುವ ಕಂಪ್ಯೂಟರಿನ ಪರದೆಯ ಮೇಲ್ತುದಿಯಲ್ಲಿ ಬೆರಳುದಪ್ಪದ ಬಿಳಿ ಗೆರೆ ಹರಿಯುತ್ತಿತ್ತು, ಅದೇ ಶಿಳ್ಳೆ. ಅಷ್ಟು ಏರಿಸಿದ ಶಿಳ್ಳೆ ಕೇಳಿಸುವ ಕಿವಿಯವನು ಹೆಡ್‌ಫೋನು ಕಿತ್ತೆಸೆಯಬೇಕಿತ್ತು. ಭಾಮೈದ ತಲೆದೂಗುತ್ತ ಕುಳಿತಿದ್ದ. ಇವನಿಗೂ ಕೇಳಿಸುವುದಿಲ್ಲ ಎಂಬುದು ಮೆಕ್ಯಾನಿಕ್ಕನಿಗೆ ಆಗ ಹೊಳೆಯಿತು.

ಒಂದು 'ಹೂಂ' ಸಾಕಿತ್ತು. ರೆಕಾರ್ಡು ಕೊಂಡ ಮನೆಗಳಲ್ಲೆಲ್ಲ ಮಕ್ಕಳು ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಿದ್ದರು, ಪತ್ರಿಕೆಯವರು ಗೇಲಿ ಮಾಡುತ್ತಿದ್ದರು, ಕಾರಣವೇನೆಂದು ಭಾಮೈದನಿಗೆ ಗೊತ್ತೂ ಆಗುತ್ತಿರಲಿಲ್ಲ. ಆ 'ಹೂಂ' ನಾಲಿಗೆಯ ತುದಿಗೆ ಬಂದು ಕೂತಿತ್ತು.

"ನೀವು ಹೂಂ ಅಂದ್ರೆ ಮುಗೀತು ಭಾವ. ಇನ್ಯಾರನ್ನೂ ಕೇಳಲ್ಲ."

ಕೆಟ್ಟ ಸೆಟ್ಟನ್ನು ಸರಿಯಾಗಿದೆ ಎಂದು ಹೇಳಿ ಅವನು ಒಮ್ಮೆಯೂ ಅಂಗಡಿಯಿಂದ ಕಳಿಸಿದವನಲ್ಲ. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ.

"ಮೊದಲೇ ಇತ್ತು ಅದು. ನಂಗೆ ಕೇಳಿಸ್ಲಿಲ್ಲ ಅಷ್ಟೆ. ಕಿವಿ ಹೋಗಿದೆ."

ಭಾಮೈದನೂ ಹೆಡ್‌ಫೋನು ತೆಗೆದ. ಆಮೇಲೆ, ತನಗೂ ನಾಲ್ಕು ವರ್ಷದಿಂದ ಕೇಳಿಸುವುದಿಲ್ಲ, ಗೆರೆ ನೋಡಿ ಕೂರಿಸಿದ್ದು ಎಂದು ಒಪ್ಪಿಕೊಂಡ. "ನೀವು ಇಲ್ಲ ಅಂದಾಗ ಕಂಪ್ಯೂಟರೇ ಸುಳ್ಳು ಹೇಳ್ತಿದೆ ಅನ್ಕೊಂಡೆ."

ತನಗಿಂತ ಒಂಬತ್ತು ವರ್ಷ ಚಿಕ್ಕವನು. ಮೆಕ್ಯಾನಿಕ್ಕನಿಗೆ ಜೀವ ತಂಪಾಯಿತು. ಅಳೆದೇ ನೋಡೋಣವೆಂದು ಯಂತ್ರ ತೆಗೆದ. ಭಾಮೈದನ ಕೈ ಹನ್ನೆರಡು ಸಾವಿರಕ್ಕೆ ಎದ್ದಿತು. ಮೆಕ್ಯಾನಿಕ್ಕನ ಮುಖ ಸಣ್ಣಗಾಯಿತು. ಯಂತ್ರದ ಮೇಲೆ ಗುದ್ದಿ, ಇದಕ್ಕೂ ವಯಸ್ಸಾಯಿತು ಎಂದ.

ಮಧ್ಯಾಹ್ನ ಮಗಳನ್ನು ಕಾಲೇಜಿನಿಂದ ಕರೆಸಿದರು. ಅವಳು ಗುಂಡಿ ಹಿಡಿದು ಶಿಳ್ಳೆಯನ್ನು ಇಳಿಸುತ್ತ ಹೋದಳು. ತಮಗೆ ಕೇಳಿಸದ್ದನ್ನು ಇಬ್ಬರೂ ಅವಳ ಹುಬ್ಬಿನಲ್ಲಿ ನೋಡುತ್ತ ಕುಳಿತರು. ಹೆತ್ತ ಮಗಳ ಕಿವಿಯ ಮೇಲೂ ಮೆಕ್ಯಾನಿಕ್ಕನಿಗೆ ಕರುಬು ಹುಟ್ಟಿತು. ಅವಳ ಹುಬ್ಬಿನ ಗಂಟು ಸಡಿಲವಾಯಿತು.

"ಈಗ ಪರವಾಗಿಲ್ಲ ಮಾಮ," ಎಂದಳು.

ಈಗ ಹೇಗೆ ಕೇಳಿಸುತ್ತದೆ ಎಂದು ಭಾಮೈದ ಕೇಳಿದ. ಅವಳು ಯೋಚಿಸಿ, ಸೂಜಿ ಚುಚ್ಚಿದ ಹಾಗೆ ಎಂದಳು.

"ಸೂಜಿ ಅಲ್ಲ," ಎಂದ ಮೆಕ್ಯಾನಿಕ್ಕು. "ಸೂಜಿ ಹಂಗೆ ಚುಚ್ಚಿದ್ರೆ ಟ್ರಾನ್ಸ್‌ಫಾರ್ಮರ್ ಹೋಗ್ತಿದೆ ಅಂತ ಅರ್ಥ. ಸರಿ ಇರೋ ಸೆಟ್ಟಲ್ಲಿ ಅದು ಕೂದಲೆಳೆ ಥರ ಇರ್ಬೇಕು. ಇದೆ ಅಂತ ಗೊತ್ತಾಗ್ಬೇಕು, ಎಲ್ಲಿದೆ ಅಂತ ಗೊತ್ತಾಗ್ಬಾರ್ದು."

ಭಾಮೈದ ಅದನ್ನು ಬರೆದುಕೊಂಡ.

"ಬರೆಯೋದು ಆಮೇಲೆ. ಇನ್ನೂ ಒಂಚೂರು ಇಳಿಸಮ್ಮ," ಎಂದು ಮೆಕ್ಯಾನಿಕ್ಕು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.